ಪೀಠದ ಮೇಲಿಟ್ಟ ಅರ್ಜಿ

ಡೆವೆರೋ ಜೈಲು, ಲೂಯಿಸಿಯಾನ
ಸೆಪ್ಟೆಂಬರ್ 24, 2012

ಅಕ್ಕಾ,

ರಾಜ್ಯದ ಸುಪ್ರೀಂ ಕೋರ್ಟಿನಿಂದ ಉತ್ತರ ಬಂತು. ಆರು ವರ್ಷ ಕಾದಿದ್ದಕ್ಕೆ ಒಂದೇ ಪದ ಬರೆದಿದ್ದಾರೆ: ನಿರಾಕರಿಸಲಾಗಿದೆ. ಆದೇಶ ಹದಿನಾಲ್ಕನೇ ತಾರೀಖಿನದು, ನನ್ನ ಕೈಗೆ ಸಿಕ್ಕಿದ್ದು ಇವತ್ತು. ಬೀದಿನಾಯಿಯನ್ನು ಓಡಿಸುವವರು ಕೂಡ ಎರಡು ಸಲ ಹಚಾ ಅನ್ನುತ್ತಾರೆ.

ನೀನು ಹೆದರಬೇಡ. ಇನ್ನೂ ಫೆಡರಲ್ ಕೋರ್ಟು ಉಳಿದಿದೆ. ರಾಜ್ಯದ ಕೋರ್ಟುಗಳೆಲ್ಲ ಬಾಗಿಲು ಹಾಕಿದ ಮೇಲೆ, 'ನನ್ನನ್ನು ಹೀಗೆ ಹಿಡಿದಿಟ್ಟಿರುವುದು ಸಂವಿಧಾನಕ್ಕೆ ಸರಿಯೇ, ನೀವೇ ನೋಡಿ' ಎಂದು ಕೈದಿ ದೇಶದ ಕೋರ್ಟಿಗೆ ಹಾಕುವ ಅರ್ಜಿ ಇದೆಯಲ್ಲ, ಹೇಬಿಯಸ್ ಕಾರ್ಪಸ್, ಅದನ್ನು ಹಾಕುತ್ತೇನೆ. ಅದಕ್ಕೆ ಒಂದು ವರ್ಷ ಕಾಲಾವಕಾಶ ಕೊಡುತ್ತಾರೆ. ಇಡೀ ಒಂದು ವರ್ಷ!

ನಾನು ಕೇಳುವುದು ಒಂದೇ ಮಾತು. ಆ ದಿನ ಅಂಗಡಿ ದೋಚಲು ಒಳಗೆ ಹೋದವನು ಡೆಲ್ಮಾರ್, ಗುಂಡು ಹಾರಿಸಿದವನೂ ಅವನೇ. ನಾನು ಹೊರಗೆ ಕಾರಿನಲ್ಲಿ ಕೂತಿದ್ದೆ. ಅಂಗಡಿಯ ಮಿಸ್ಟರ್ ಅಬ್ಶಿಯರ್ ಸತ್ತರು, ನಾನು ಕಾರು ಓಡಿಸಿದೆ. ನನ್ನ ತಪ್ಪೇ ಇಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಆದರೆ ವಿಚಾರಣೆಗೆ ಮೊದಲೇ ಸರ್ಕಾರಿ ವಕೀಲರು 'ತಪ್ಪೊಪ್ಪಿಕೊಂಡರೆ ಹದಿನೈದು ವರ್ಷ ಸಾಕು' ಎಂದು ಪತ್ರ ಬರೆದಿದ್ದರು. ನನ್ನ ವಕೀಲ ಅದನ್ನು ನನಗೆ ತೋರಿಸಲೇ ಇಲ್ಲ, ಕಡತದಲ್ಲಿ ಹಾಕಿಟ್ಟು ಮರೆತ. ವಿಚಾರಣೆ ನಡೆದು ಸಾಯುವ ತನಕ ಜೈಲು ಎಂದಾಯಿತು. ನಾನು ಬಂದು ಆಗಲೇ ಹತ್ತು ವರ್ಷ. ಫೆಡರಲ್ ನ್ಯಾಯಾಧೀಶರು ಆ ಪತ್ರವನ್ನು ಒಮ್ಮೆ ಓದಿದರೆ ಇನ್ನೈದು ವರ್ಷಕ್ಕೆ ನಿನ್ನ ಅಡುಗೆಮನೆಯಲ್ಲಿ ಕೂತಿರುತ್ತೇನೆ. ಓದದಿದ್ದರೆ ಇಲ್ಲೇ ಹೂಳುತ್ತಾರೆ.

ಆ ಪತ್ರದ ಮೂಲ ಪ್ರತಿ ನಿನ್ನ ಬೈಬಲ್ಲಿನಲ್ಲಿ ಭದ್ರವಾಗಿದೆ ತಾನೆ? ಇಲ್ಲಿಟ್ಟುಕೊಂಡರೆ ತಪಾಸಣೆಗೆ ಬರುವ ಗಾರ್ಡುಗಳು ಕಸದ ಜೊತೆ ಗುಡಿಸಿಕೊಂಡು ಹೋಗುತ್ತಾರೆ.

ನಿನ್ನ ಓಜೆಲ್


ಪ್ರೇರಿ ಬ್ಲಾಂಶ್
ಅಕ್ಟೋಬರ್ 2, 2012

ಓಜೆಲ್,

'ನಿರಾಕರಿಸಲಾಗಿದೆ' ಎಂಬಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟುಬಿಟ್ಟೆ. ಆಮೇಲೆ ಧೈರ್ಯ ಮಾಡಿ ಮುಂದೆ ಓದಿದೆ. ಒಂದು ವರ್ಷ ಇದೆಯಲ್ಲ, ಸಾಕು. ತಾಳಿದವನು ಬಾಳಿಯಾನು. ಪತ್ರ ನನ್ನ ಬೈಬಲ್ಲಿನಲ್ಲೇ ಇದೆ, ಕೀರ್ತನೆಗಳ ನಡುವೆ. ದಿನಾ ಮುಟ್ಟಿ ನೋಡುತ್ತೇನೆ.

ಒಂದು ಮಾತು ಕೇಳು. ಅರ್ಜಿಯನ್ನು ಆ ಜೈಲಿನ ಅಂಚೆ ಕೋಣೆಯ ಮೂಲಕ ಕೋರ್ಟಿಗೆ ಕಳಿಸಬೇಡ. ಅಮ್ಮನ ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ಹಂಚಿದ ಹಾಳೆಯನ್ನು ನಿನಗೆ ಮೂರು ಸಲ ಕಳಿಸಿದೆ, ಅವಳ ಫೋಟೋ ಇದ್ದದ್ದು. ಒಂದಾದರೂ ನಿನಗೆ ಸಿಕ್ಕಿತೇ? ನೀನು ಮನೆಗೆ ಬರೆದದ್ದನ್ನು ಮಾತ್ರ ಅವರು ತಡೆದಿದ್ದಿಲ್ಲ. ಲಕೋಟೆಯ ಮೇಲೆ ಕೋರ್ಟಿನ ಹೆಸರು ಕಂಡರೆ ಏನು ಮಾಡುತ್ತಾರೋ ಯಾರಿಗೆ ಗೊತ್ತು. ಅದಕ್ಕೇ ಅರ್ಜಿ ಬರೆದು ನನಗೆ ಕಳಿಸು. ಹದಿನೈದು ವರ್ಷದ ಪತ್ರವನ್ನು ಜೊತೆಗಿಟ್ಟು ನಾನೇ ಹೋಗಿ ಕೋರ್ಟಿನ ಮೇಜಿನ ಮೇಲಿಡುತ್ತೇನೆ. ನಿನ್ನ ಪ್ರಾಣವನ್ನು ಹೊತ್ತುಕೊಂಡು ಹೋಗಲು ನಾನಿಲ್ಲವೇ?

ಹೋದ ತಿಂಗಳು ಶಾಲೆಯ ಅಡುಗೆಮನೆಯಲ್ಲಿ ನನಗೆ ಸ್ವಲ್ಪ ತಲೆ ಸುತ್ತಿತು. ಒಲೆಯ ಕಾವು, ಅಷ್ಟೇ. ಕ್ಲೋವಿಸ್ ಏನಾದರೂ ಬರೆದರೆ ನಂಬಬೇಡ. ನಮ್ಮ ದೊಡ್ಡಪ್ಪನ ಮಗನಿಗೆ ಸೊಳ್ಳೆ ಕಚ್ಚಿದರೂ ಮೊಸಳೆ ಕಚ್ಚಿತು ಅನ್ನುವ ಚಾಳಿ.

ವರ್ಲೀನ್


ಡೆವೆರೋ ಜೈಲು
ಅಕ್ಟೋಬರ್ 18, 2012

ಅಕ್ಕಾ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಉಸಿರು ಹಿಡಿತಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಇವತ್ತು ಗ್ರಂಥಾಲಯದಲ್ಲಿ ಮಿಸ್ಟರ್ ಹೆಜಕಾಯ ಸಿಕ್ಕರು. ನಲವತ್ತೊಂದು ವರ್ಷದಿಂದ ಒಳಗಿರುವ ಮುದುಕ. ಇಲ್ಲಿ ಯಾರದೇ ಅರ್ಜಿಯಾದರೂ ಬರೆಯುವುದು ಅವರೇ. ನನ್ನ ಕಾಗದಗಳನ್ನು ಹರಡಿಕೊಂಡು ಕೂತರು.

'ನಿನ್ನ ಮೇಲ್ಮನವಿ ಮುಗಿದ ಮೇಲೆ ರಾಜ್ಯದ ಕೋರ್ಟಿಗೆ ಈ ಅರ್ಜಿ ಹಾಕೋವರೆಗೂ ಏನ್ ಮಾಡ್ತಿದ್ದೆ?' ಅಂದರು.

'ಏನಿಲ್ಲ ಸರ್. ವಕೀಲನ ಹತ್ರ ಇದ್ದ ಕಡತ ಬರ್ಲಿ ಅಂತ ಕಾಯ್ತಿದ್ದೆ.'

'ಎಷ್ಟ್ ದಿನ?'

ಬೆರಳು ಮಡಿಸಿ ಇಬ್ಬರೂ ಎಣಿಸಿದೆವು. ಮುನ್ನೂರ ಐದು ದಿನ.

'ಅಯ್ಯೋ ಮಗನೇ,' ಅಂದರು. 'ಆ ವರ್ಷದ ಗಡಿಯಾರ ಆಗ್ಲೇ ಓಡ್ತಿತ್ತು ಕಣೋ. ನಿನ್ನ ಅರ್ಜಿ ರಾಜ್ಯದ ಕೋರ್ಟಲ್ಲಿ ಇದ್ದಷ್ಟು ದಿನ ನಿಂತಿತ್ತು, ಅಷ್ಟೇ. ಅವರು ಇಲ್ಲ ಅಂದ ದಿನ ಮತ್ತೆ ಶುರುವಾಯ್ತು. ಎಲ್ರೂ ಮಾಡೋ ತಪ್ಪೇ ಇದು. ನಿನಗೆ ವರ್ಷ ಇಲ್ಲ. ಅರವತ್ತು ದಿನ ಇತ್ತು. ಅದ್ರಲ್ಲಿ ಮೂವತ್ನಾಲ್ಕು ಹೋಯ್ತು.'

'ಕೊನೇ ದಿನ ಯಾವುದು ಸರ್?'

'ನವೆಂಬರ್ ಹದಿಮೂರು, ಮಂಗಳವಾರ. ಹದಿನಾಲ್ಕಕ್ಕೆ ಕೊಟ್ರೆ ಚಿನ್ನದ ಅಕ್ಷರದಲ್ಲಿ ಬರೆದಿದ್ರೂ ಬಿಚ್ಚಿ ನೋಡಲ್ಲ.'

ಅವರು ಇನ್ನೂ ಒಂದು ಹೇಳಿದರು. ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟ ದಿನವನ್ನೇ ಕೋರ್ಟಿಗೆ ಕೊಟ್ಟ ದಿನ ಎಂದು ಹಿಡಿಯುತ್ತಾರಂತೆ, ಅದು ಇವರ ಚೀಲದಲ್ಲಿ ತಿಂಗಳುಗಟ್ಟಲೆ ಕೊಳೆತರೂ. ಹೊರಗಿನವರ ಕೈಯಲ್ಲಿ ಕಳಿಸಿದರೆ ಆ ರಕ್ಷಣೆ ಇಲ್ಲ. 'ಸಾಕ್ಷಿ ಪತ್ರ ಆಮೇಲೆ ಕಳಿಸಿದ್ರಾಯ್ತು. ಬರೀ ಅರ್ಜಿ ಇವ್ರ ಕೈಗೆ ಕೊಟ್ಟು ಸಹಿ ತಗೋ,' ಅಂದರು.

ಆದರೆ ಆ ಪತ್ರವಿಲ್ಲದೆ ನನ್ನ ಮಾತನ್ನು ಯಾರು ನಂಬುತ್ತಾರೆ? ಈ ಅಂಚೆ ಕೋಣೆಯನ್ನು ನಾನು ಹೇಗೆ ನಂಬಲಿ? ಮಿಸ್ಟರ್ ಹೆಜಕಾಯರಿಗೆ ಹೊರಗೆ ಯಾರೂ ಇಲ್ಲ, ಅದಕ್ಕೇ ಅವರು ಜೈಲಿನವರನ್ನು ನಂಬುತ್ತಾರೆ. ನನಗೆ ನೀನಿದ್ದೀಯ.

ಆದರೆ ಈ ತಾರೀಖನ್ನು ನಿನಗೆ ಹೇಳುವುದು ಹೇಗೆ? ಕ್ಲೋವಿಸ್ ಬರೆದಿದ್ದಾನೆ. ತಲೆ ಸುತ್ತಿದ್ದಲ್ಲ. ನೆಲಕ್ಕೆ ಬಿದ್ದೆಯಂತೆ, ಅರ್ಧ ಗಂಟೆ ಮಾತೇ ಹೊರಡಲಿಲ್ಲವಂತೆ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆಯಂತೆ. 'ಇನ್ನೊಂದು ಸಲ ರಕ್ತದ ಒತ್ತಡ ಹಾಗೆ ಏರಿದರೆ ಉಳಿಯುವುದಿಲ್ಲ, ಹೆದರಿಕೆಯ ಸುದ್ದಿ ಹೇಳಬೇಡಿ' ಎಂದರಂತೆ ಡಾಕ್ಟರು. ಅಮ್ಮ ಹೋದದ್ದೂ ಹೀಗೆಯೇ, ನನ್ನ ಶಿಕ್ಷೆಯ ಸುದ್ದಿ ಕೇಳಿದ ವಾರ.

ಇನ್ನೊಬ್ಬರನ್ನು ನಾನು ಕೊಲ್ಲಲಾರೆ.


ಡೆವೆರೋ ಜೈಲು
ಅಕ್ಟೋಬರ್ 19, 2012

ಅಕ್ಕಾ,

ನೀನು ಹೇಳಿದ್ದೇ ಸರಿ, ಅರ್ಜಿಯನ್ನು ನಿನಗೇ ಕಳಿಸುತ್ತೇನೆ. ಇನ್ನೆರಡು ವಾರದಲ್ಲಿ ಬರೆದು ಮುಗಿಸುವೆ. ವರ್ಷ ಇದೆ ಎಂದು ಸುಮ್ಮನೆ ಕೂರುವುದೇಕೆ, ಆದ ಕೆಲಸ ಆಯಿತು ಅನ್ನಿಸಲಿ. ಬಂದ ಕೂಡಲೇ ಕೊಟ್ಟುಬಿಡುತ್ತೀಯ ತಾನೆ? ನಿನ್ನ ಮೊಬೈಲಿಗೆ ಇಲ್ಲಿಂದ ಕರೆ ಹೋಗುವುದೇ ಇಲ್ಲ, ಹಾಗಾಗಿ ಕಾಗದದಲ್ಲೇ ಉತ್ತರ ಬರೆ.

ಮಾತ್ರೆ ಸರಿಯಾಗಿ ತೆಗೆದುಕೋ. ಉಪ್ಪು ಕಡಿಮೆ ಮಾಡು.

ಓಜೆಲ್


ಪ್ರೇರಿ ಬ್ಲಾಂಶ್
ಅಕ್ಟೋಬರ್ 27, 2012

ಓಜೆಲ್,

ಉಪ್ಪು ಕಡಿಮೆ ಮಾಡಬೇಕಂತೆ! ಯಾರಪ್ಪ ಈ ಡಾಕ್ಟರು? ಜೈಲಿನಲ್ಲಿ ಅದನ್ನೂ ಕಲಿಸುತ್ತಾರಾ? ಕ್ಲೋವಿಸನ ಬಾಯಿಗೆ ಬೀಗ ಹಾಕಬೇಕು.

ಅರ್ಜಿ ನನ್ನ ಕೈ ಸೇರಿದ ಮರುದಿನವೇ ಅವನ ಟ್ರಕ್ಕಿನಲ್ಲಿ ಹೋಗಿ ಕೊಟ್ಟುಬರುತ್ತೇನೆ, ಚಿಂತೆ ಬೇಡ. ಆದರೆ ನೀನು ಅವಸರ ಮಾಡಬೇಡ, ನಿಧಾನವಾಗಿ ಬರೆ. ನಿನ್ನ ಅಕ್ಷರ ನೋಡಿದರೆ ಕೋಳಿ ಕೆದಕಿದ ಹಾಗಿರುತ್ತದೆ. ಪಾಪ, ಆ ನ್ಯಾಯಾಧೀಶರಿಗೆ ಕಣ್ಣು ನೋವು ಬರಬಾರದು.

ನಮ್ಮ ಚರ್ಚಿನ ಹಿರಿಯಮ್ಮ ಮದರ್ ಯೂಲಾಲಿಗೆ ಎಲ್ಲ ಹೇಳಿದೆ. ತೊಂಬತ್ತಕ್ಕೆ ಎರಡು ಕಮ್ಮಿ ವಯಸ್ಸು, ಈಗಲೂ ಬಿಳಿ ಉಡುಪು, ಬಿಳಿ ಟೋಪಿ ಹಾಕಿಕೊಂಡು ಮೊದಲ ಬೆಂಚಿನಲ್ಲೇ ಕೂರುತ್ತಾರೆ. 'ಆ ಹುಡುಗ ಚಿಕ್ಕವನಿದ್ದಾಗ ನಾನು ಮಾಡಿಟ್ಟ ಸಿಹಿ ಪೈ ಕದ್ದು ತಿಂದಿದ್ದ, ಅದನ್ನೂ ಕ್ಷಮಿಸಿದೀನಿ ಅಂತ ಬರೆ,' ಅಂದರು. ಬರೆದಿದ್ದೇನೆ.

ವರ್ಲೀನ್


ಡೆವೆರೋ ಜೈಲು
ನವೆಂಬರ್ 5, 2012

ಅಕ್ಕಾ,

ಇದರ ಜೊತೆ ಅರ್ಜಿ ಇದೆ. ಇಪ್ಪತ್ತೆರಡು ಪುಟ, ಕೊನೆಯಲ್ಲಿ ನನ್ನ ಸಹಿ. ಹದಿನೈದು ವರ್ಷದ ಪತ್ರವನ್ನು ಹಿಂದೆ ಸೇರಿಸಿ ಪಿನ್ನು ಹೊಡೆ. ಗುರುವಾರ ನಿನಗೆ ಸಿಗಬೇಕು. ಶುಕ್ರವಾರವೇ ಕೊಟ್ಟುಬಿಡು. ಬೇರೇನೂ ಕಾರಣ ಇಲ್ಲ, ನನ್ನ ಸಮಾಧಾನಕ್ಕೆ.

ಇದಕ್ಕೂ ಮೊದಲು ಒಂದು ಸಾಲು ಬರೆದು ಮಸಿಯಿಂದ ಹೊಡೆದುಹಾಕಿದ್ದೇನೆ. ಅದನ್ನು ಓದಲು ಹೋಗಬೇಡ. ಏನೋ ತಪ್ಪು ಬರೆದಿದ್ದೆ.

ಓಜೆಲ್


ಪ್ರೇರಿ ಬ್ಲಾಂಶ್
ನವೆಂಬರ್ 14, 2012

ನನ್ನ ಮುದ್ದು ತಮ್ಮಾ,

ಕೊಟ್ಟೆ! ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಕೈಯಾರೆ ಕೊಟ್ಟೆ. ಗುಮಾಸ್ತೆ ಹುಡುಗಿ ಮೊದಲ ಪುಟದ ಮೇಲೆ ಧಬಕ್ಕನೆ ಮೊಹರು ಒತ್ತಿದಳು. ನೇರಳೆ ಬಣ್ಣದಲ್ಲಿ ನವೆಂಬರ್ 14 ಎಂದು ಎಷ್ಟು ಚೆಂದ ಮೂಡಿತು ಗೊತ್ತೇ! ನನಗೂ ಒಂದು ಪ್ರತಿಗೆ ಒತ್ತಿಕೊಟ್ಟಳು. ಟ್ರಕ್ಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ನೀನು ಹೇಳಿದ ಶುಕ್ರವಾರ ಆಗಲಿಲ್ಲ. ಲಕೋಟೆ ನನಗೆ ಸಿಕ್ಕಿದ್ದೇ ಶುಕ್ರವಾರ ಸಂಜೆ. ಸೋಮವಾರ ಸೈನಿಕರ ದಿನದ ರಜೆ. ಆದದ್ದೆಲ್ಲ ಒಳ್ಳೆಯದಕ್ಕೇ ಎಂದು ಆಮೇಲೆ ತಿಳಿಯಿತು. ಭಾನುವಾರ ಅದನ್ನು ಚರ್ಚಿಗೆ ತೆಗೆದುಕೊಂಡು ಹೋದೆ. ಪಾಸ್ಟರ್ ಪೀಠದ ಮೇಲೆ ಇಡಿಸಿದರು. ಹಿರಿಯಮ್ಮಂದಿರೆಲ್ಲ ಸುತ್ತ ನಿಂತು ಕೈಯಿಟ್ಟರು. ಮದರ್ ಯೂಲಾಲಿ ನಾಲ್ಕು ಮೂಲೆಗೂ ಎಣ್ಣೆ ಸವರಿದರು. ಒಂದು ಮೂಲೆಯಲ್ಲಿ ಸ್ವಲ್ಪ ಕಲೆಯಾಗಿದೆ, ನ್ಯಾಯಾಧೀಶರು ಬೇಸರ ಮಾಡಿಕೊಳ್ಳಲಾರರು ಅಂದುಕೊಳ್ಳುತ್ತೇನೆ.

ನಾನು ಮಂಗಳವಾರ ಹೋಗುತ್ತೇನೆ ಎಂದಾಗ ಮದರ್ ಯೂಲಾಲಿ ಬಿಡಲಿಲ್ಲ. 'ಯೋನ ಮೀನಿನ ಹೊಟ್ಟೇಲಿ ಮೂರು ದಿನ ಇದ್ದ. ನಮ್ಮ ಕರ್ತ ಸಮಾಧಿಯಿಂದ ಎದ್ದಿದ್ದೂ ಮೂರನೇ ದಿನ. ಹೊರಗೆ ಬರಬೇಕಾದವನ ಕಾಗದ ಕಣಮ್ಮ ಇದು. ಪೂರಾ ಮೂರು ದಿನ ಇಲ್ಲಿರ್ಲಿ,' ಅಂದರು. 'ಅವನು ಬೇಗ ಕೊಡು ಅಂದಿದಾನೆ ಮದರ್' ಎಂದೆ. 'ವರ್ಷ ಇದೆ ಅಂದ್ಯಲ್ಲ. ದೇವರಿಗೆ ಇನ್ನೊಂದು ದಿನ ಕೊಡಕ್ಕಾಗಲ್ವಾ?' ಅಂದರು. ಒಪ್ಪಿಕೊಂಡೆ. ಇವತ್ತು ಬೆಳಿಗ್ಗೆ ಪೀಠದಿಂದ ತೆಗೆದುಕೊಂಡು ನೇರವಾಗಿ ಕೋರ್ಟಿಗೆ ಹೋದೆ.

ಎಷ್ಟೋ ವರ್ಷದ ಮೇಲೆ ಇವತ್ತು ಎದೆ ಹಗುರವಾಗಿದೆ, ಓಜೆಲ್. ನಿನಗೂ ಹಾಗೇ ಅನ್ನಿಸುತ್ತಿರಬೇಕು.

ನಿನ್ನ ವರ್ಲೀನ್


ಡೆವೆರೋ ಜೈಲು
ನವೆಂಬರ್ 20, 2012

ಅಕ್ಕಾ,

ಇದನ್ನೂ ಕಳಿಸುವುದಿಲ್ಲ.

ಮಧ್ಯಾಹ್ನ ತಲೆ ಎಣಿಕೆಗೆ ನಿಂತಾಗ ನಿನ್ನ ಕಾಗದ ಕೈಗೆ ಬಂತು. ಸಾಲಿನಲ್ಲೇ ಬಿಚ್ಚಿದೆ. 'ನವೆಂಬರ್ 14' ಎಂದು ಓದಿದ ಮೇಲೆ ಗಾರ್ಡು ನನ್ನ ನಂಬರು ಕೂಗಿದ್ದು ಕೇಳಿಸಲಿಲ್ಲ. ಎರಡು ಸಲ ಕೂಗಿ ಬೆನ್ನಿಗೆ ಲಾಠಿಯಿಂದ ತಿವಿದ.

ಒಂದು ದಿನ ತಡವಾಗಿದೆ, ಅಕ್ಕಾ.

ಮಿಸ್ಟರ್ ಹೆಜಕಾಯರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿದರು. 'ತಡ ಆಗಿದೆ ಅಂತ ಎದುರು ಕಡೆಯವ್ರು ಹೇಳ್ಬೇಕು. ಅವ್ರಿಗೂ ನೂರಾರು ಕೇಸು, ಒಬ್ಬೊಬ್ರು ದಿನ ಎಣಿಸಲ್ಲ. ಜಡ್ಜೇ ಎಣಿಸಿದ್ರೆ ಬೇರೆ ಮಾತು. ಎಣಿಸ್ದೇ ಇರ್ಲಿ ಅಂತ ಬೇಡ್ಕೋ,' ಅಂದರು.

ಅಷ್ಟೇ ಉಳಿದಿರುವುದು. ಯಾವನೋ ಒಬ್ಬ ವಕೀಲ ದಿನ ಎಣಿಸದಿರಲಿ. ಆ ವಕೀಲ ಮೈಗಳ್ಳನಾಗಿರಲಿ, ಅವನ ಮಗಳ ಮದುವೆ ಬರಲಿ, ಹಲ್ಲು ನೋವು ಬರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ನನಗೆ ಹುಚ್ಚು ಹಿಡಿಯುತ್ತಿದೆ.

ನಿನ್ನ ಮೇಲೆ ಕೋಪ ಬಂತು. ಆ ಮುದುಕಿಯ ಮೇಲೂ ಬಂತು. ಆಮೇಲೆ, ಆ ತಾರೀಖನ್ನು ಮಸಿಯಿಂದ ಹೊಡೆದುಹಾಕಿದ ಕೈ ನನ್ನದೇ ಎಂಬುದು ನೆನಪಾಯಿತು.


ಪ್ರೇರಿ ಬ್ಲಾಂಶ್
ಡಿಸೆಂಬರ್ 4, 2012

ಓಜೆಲ್,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಕಾಗದ ಸಿಗಲಿಲ್ಲವೇ? ಯಾರಾದರೂ ಹೊಡೆದರೇ? ಹುಷಾರಿಲ್ಲವೇ? ಜೈಲಿಗೆ ಫೋನು ಮಾಡಿದರೆ 'ಬದುಕಿದಾನೆ ಮೇಡಂ' ಎಂದು ಒಬ್ಬ ನಗುತ್ತಾ ಹೇಳಿದ. ಅದೇನು ಉತ್ತರ?

ನನ್ನ ಮೇಲೆ ಏನಾದರೂ ಬೇಸರವೇ? ನಾಲ್ಕು ತಿಂಗಳಿಂದ ನಿನ್ನನ್ನು ನೋಡಲು ಬಂದಿಲ್ಲ ಎಂದೇ? ಅಷ್ಟು ದೂರ ಕೂತು ಬರಲು ಡಾಕ್ಟರು ಒಪ್ಪುತ್ತಿಲ್ಲ. ಬೈಯುವುದಿದ್ದರೆ ಬೈದು ಬರೆ, ಸುಮ್ಮನಿರಬೇಡ.

ವರ್ಲೀನ್


ಡೆವೆರೋ ಜೈಲು
ಡಿಸೆಂಬರ್ 12, 2012

ಅಕ್ಕಾ,

ಕಾಗದ ಸಿಕ್ಕಿದೆ. ಅರ್ಜಿ ಕೊಟ್ಟಿದ್ದಕ್ಕೆ ತುಂಬಾ ಉಪಕಾರ. ಹೊಲದ ಕೆಲಸ ಜಾಸ್ತಿ, ಬರೆಯಲು ಆಗಲಿಲ್ಲ. ಬೇಸರವೇನೂ ಇಲ್ಲ.

ಓಜೆಲ್


ಪ್ರೇರಿ ಬ್ಲಾಂಶ್
ಫೆಬ್ರವರಿ 18, 2013

ಓಜೆಲ್,

ನಿನ್ನ ಡಿಸೆಂಬರಿನ ಕಾಗದವನ್ನು ನೋಡಿ ಕ್ಲೋವಿಸ್, 'ಬ್ಯಾಂಕಿನೋರು ಇದಕ್ಕಿಂತ ಪ್ರೀತಿಯಿಂದ ಬರೀತಾರೆ' ಅಂದ. ಜನವರಿಯದೂ ಹಾಗೇ ಇತ್ತು. ಇರಲಿ, ಈಗ ನಿನ್ನ ಮುಖದಲ್ಲಿ ನಗು ಬರುವ ಸುದ್ದಿ ಇದೆ. ಶುಕ್ರವಾರ ಕೋರ್ಟಿಗೆ ಫೋನು ಮಾಡಿದ್ದೆ. ನಿನ್ನ ಅರ್ಜಿಗೆ ಉತ್ತರ ಕೊಡಿ ಎಂದು ನ್ಯಾಯಾಧೀಶರು ರಾಜ್ಯ ಸರ್ಕಾರಕ್ಕೇ ಆದೇಶ ಮಾಡಿದ್ದಾರಂತೆ! ಸರ್ಕಾರವನ್ನೇ ನಿಲ್ಲಿಸಿ ಕೇಳುತ್ತಿದ್ದಾರೆ. ಭಾನುವಾರ ಚರ್ಚಿನಲ್ಲಿ ಹೇಳಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. 'ಮೂರು ದಿನ ಅಂದಿರ್ಲಿಲ್ವಾ ನಾನು?' ಎಂದು ಮದರ್ ಯೂಲಾಲಿ ನನ್ನ ಕೈ ಹಿಡಿದು ಅತ್ತೇಬಿಟ್ಟರು.

ಹಿಂದಿನ ಕೋಣೆಗೆ ಬಣ್ಣ ಹೊಡೆಸುತ್ತಿದ್ದೇನೆ. ಹಳದಿಯೋ ನೀಲಿಯೋ ನೀನೇ ಹೇಳು.

ವರ್ಲೀನ್


ಡೆವೆರೋ ಜೈಲು
ಫೆಬ್ರವರಿ 27, 2013

ಅಕ್ಕಾ,

ಬಣ್ಣ ಹೊಡೆಸಬೇಡ. ಯಾರಿಗೂ ಏನೂ ಹೇಳಬೇಡ. ದಯವಿಟ್ಟು ಕೋರ್ಟಿಗೆ ಫೋನು ಮಾಡಬೇಡ, ಆ ಕಡತದ ಕಡೆಗೆ ಯಾರ ಗಮನವೂ ಹೋಗುವುದು ಬೇಡ. ಯಾಕೆ ಎಂದು ಕೇಳಬೇಡ.

ಓಜೆಲ್


ಡೆವೆರೋ ಜೈಲು
ಮೇ 17, 2013

ಅಕ್ಕಾ,

ಇದನ್ನು ಓದುವ ಮೊದಲು ಕೂತುಕೋ. ಕ್ಲೋವಿಸನನ್ನು ಪಕ್ಕದಲ್ಲಿ ಕೂರಿಸಿಕೋ. ಮಾತ್ರೆ ತೆಗೆದುಕೊಂಡಿದ್ದೀಯ ತಾನೆ?

ಸರ್ಕಾರದ ಉತ್ತರ ಬಂದಿದೆ. ನಲವತ್ತು ಪುಟವಿರಬಹುದು ಎಂದುಕೊಂಡಿದ್ದೆ, ಆರೇ ಪುಟ. ಎರಡನೇ ಪುಟದಲ್ಲಿ ದಿನಗಳನ್ನು ಎಣಿಸಿದ್ದಾರೆ. ಮುನ್ನೂರ ಐದು, ಆಮೇಲೆ ಅರವತ್ತೊಂದು. ಅರ್ಜಿ ಒಂದು ದಿನ ತಡವಾಗಿದೆ, ಒಳಗೆ ಏನಿದೆ ಎಂದು ನೋಡುವ ಅಗತ್ಯವಿಲ್ಲ, ವಜಾ ಮಾಡಿ ಎಂದು ಕೇಳಿದ್ದಾರೆ.

ಕೊನೆಯ ದಿನ ನವೆಂಬರ್ ಹದಿಮೂರಾಗಿತ್ತು. ನನಗೆ ಅದು ಅಕ್ಟೋಬರಿನಲ್ಲೇ ಗೊತ್ತಿತ್ತು. ನಿನಗೆ ಹೇಳಲಿಲ್ಲ. ಹೇಳಿದರೆ ನಿನಗೆ ಏನಾದರೂ ಆಗಿಬಿಡುತ್ತದೆ ಎಂದು ಹೆದರಿದೆ. ಆಗ ಬರೆದು ಕಳಿಸದೇ ಇಟ್ಟುಕೊಂಡ ಎರಡು ಕಾಗದ ಜೊತೆಗಿಟ್ಟಿದ್ದೇನೆ, ಓದು. ಮದರ್ ಯೂಲಾಲಿಗೆ ಇದನ್ನು ಹೇಳಬೇಡ.

ಒಂದು ಸಣ್ಣ ಸಂದಿ ಉಳಿದಿದೆಯಂತೆ. ಕೈಮೀರಿದ ಕಾರಣದಿಂದ ತಡವಾಯಿತು, ಕೈದಿಯ ಉದಾಸೀನ ಏನೂ ಇರಲಿಲ್ಲ ಎಂದು ತೋರಿಸಿದರೆ ನ್ಯಾಯಾಧೀಶರು ಮನ್ನಿಸಬಹುದು. ನನ್ನ ಬ್ಯಾರಕ್ಕಿನ ಒಬ್ಬ ಹೇಳುತ್ತಾನೆ, 'ನಿಮ್ಮಕ್ಕ ಹನ್ನೆರಡು, ಹದಿಮೂರು ಎರಡೂ ದಿನ ಆಸ್ಪತ್ರೇಲಿ ಪ್ರಜ್ಞೆ ಇಲ್ದೇ ಮಲಗಿದ್ಲು ಅಂತ ಅಫಿಡವಿಟ್ ಹಾಕ್ಸು. ಹೇಗೂ ಕಾಯಿಲೆ ಇದೆಯಲ್ಲ.' ಅದನ್ನು ಮಾಡು ಎಂದು ನಾನು ಹೇಳುತ್ತಿಲ್ಲ. ನಿನ್ನಿಂದ ಇನ್ನು ಏನನ್ನೂ ಮುಚ್ಚಿಡುವುದಿಲ್ಲ ಎಂದು ಇದನ್ನೂ ಬರೆದೆ.

ಓಜೆಲ್


ಪ್ರೇರಿ ಬ್ಲಾಂಶ್
ಮೇ 25, 2013

ಓಜೆಲ್,

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ ಪೆನ್ನು ಕಾಗದವನ್ನು ಹರಿಯುತ್ತಿದೆ.

ಒಂದು ತಾರೀಖು ಕೇಳಿ ನಾನು ಸಾಯುತ್ತೇನೆ ಎಂದುಕೊಂಡೆಯಾ? ಅಮ್ಮನನ್ನು ಮಣ್ಣು ಮಾಡಿದವಳು ಯಾರು? ನಿನಗೆ ಶಿಕ್ಷೆ ಓದುವಾಗ ಕೋರ್ಟಿನಲ್ಲಿ ಒಬ್ಬಳೇ ನಿಂತಿದ್ದವಳು ಯಾರು? ಆಗ ಸಾಯದವಳು ಹದಿಮೂರು ಎಂಬ ಒಂದು ಅಂಕಿಗೆ ಸಾಯುತ್ತಿದ್ದೆನಾ? ಆ ಮಂಗಳವಾರ ನಾನು ಮನೆಯಲ್ಲೇ ಇದ್ದೆ. ಶಾಲೆಗೆ ರಜೆ ಹಾಕಿ ಬಟ್ಟೆ ಒಗೆಯುತ್ತಿದ್ದೆ. ಕ್ಲೋವಿಸನ ಟ್ರಕ್ಕು ಅಂಗಳದಲ್ಲೇ ನಿಂತಿತ್ತು. ಗೊತ್ತಿದ್ದರೆ ಪೀಠದಿಂದ ಕಿತ್ತುಕೊಂಡು ಓಡುತ್ತಿದ್ದೆ. ಯೋನನೂ ಬೇಡ, ಮೀನೂ ಬೇಡ ಅನ್ನುತ್ತಿದ್ದೆ. ಎಲ್ಲ ಗೊತ್ತಿದ್ದೂ ನೀನು ಸುಮ್ಮನಿದ್ದೆ. ನಾನು ಆರು ತಿಂಗಳು ಚಪ್ಪಾಳೆ ತಟ್ಟಿಸಿಕೊಂಡು ತಿರುಗಿದೆ. ನೀನು ಕಾಪಾಡಿದ್ದು ನನ್ನನ್ನಲ್ಲ. ನನಗೇನಾದರೂ ಆದರೆ ಹೇಗೆ ಎಂಬ ನಿನ್ನ ಭಯವನ್ನು ಕಾಪಾಡಿಕೊಂಡೆ.

ನಿನ್ನ ಕಾಗದ ಓದಿದ ಮೇಲೆ ಎಡಗೈ ಸ್ವಲ್ಪ ಜೋಮು ಹಿಡಿದಿತ್ತು. ಕ್ಲೋವಿಸ್ ಆಸ್ಪತ್ರೆಗೆ ಹೊರಡು ಅಂದ. ಹೋಗಲಿಲ್ಲ. ಬೆಳಿಗ್ಗೆ ನೋಟರಿಯ ಹತ್ತಿರ ಹೋದೆ. ನಿನ್ನ ಬ್ಯಾರಕ್ಕಿನವನು ಹೇಳಿದ ಹಾಗೇ ಬರೆಸಿ, ದೇವರ ಮೇಲೆ ಆಣೆಯಿಟ್ಟು ಸಹಿ ಹಾಕಿದ್ದೇನೆ. ಇದರ ಜೊತೆ ಇದೆ. ಎರಡು ದಿನ ಪ್ರಜ್ಞೆ ಇರಲಿಲ್ಲ ಎಂದು ಬರೆದಿದೆ. ಐವತ್ತೆಂಟು ವರ್ಷದಲ್ಲಿ ಆಣೆಯಿಟ್ಟು ಆಡಿದ ಮೊದಲ ಸುಳ್ಳು. ಕೋರ್ಟಿಗೆ ಹಾಕು.

ವರ್ಲೀನ್


ಡೆವೆರೋ ಜೈಲು
ಜೂನ್ 3, 2013

ಅಕ್ಕಾ,

ಹಾಕಲಿಲ್ಲ.

ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಹಾಕಿದರೆ ಬಾಗಿಲು ತೆರೆದರೂ ತೆರೆಯಬಹುದು. ಎಷ್ಟು ಆಸೆಯಾಯಿತು ಎಂದು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಸರ್ಕಾರದವರು ಅರವತ್ತೊಂದು ದಿನ ಎಣಿಸಿದವರು, ಆಸ್ಪತ್ರೆಯ ದಾಖಲೆ ಕೇಳದೆ ಬಿಡುತ್ತಾರೆಯೇ? ಅವತ್ತು ನೀನು ಮನೆಯಲ್ಲಿದ್ದೆ ಎಂದು ಚರ್ಚಿನ ಯಾರಾದರೂ ಒಬ್ಬರು ಬಾಯಿ ತಪ್ಪಿ ಅಂದರೆ ಸಾಕು. ಸುಳ್ಳು ಪ್ರಮಾಣಕ್ಕೆ ನಿನ್ನನ್ನೂ ಒಳಗೆ ಹಾಕುತ್ತಾರೆ. ಒಂದು ಮನೆಗೆ ಒಬ್ಬ ಕೈದಿ ಸಾಕು. ನಿನ್ನ ಅಫಿಡವಿಟ್ಟನ್ನು ಚೂರು ಮಾಡಿ ನೀರಿಗೆ ಹಾಕಿದೆ.

ನಡೆದದ್ದನ್ನು ನಡೆದ ಹಾಗೇ ಬರೆದು ಕೊಟ್ಟೆ. ತಾರೀಖು ನನಗೆ ಗೊತ್ತಿತ್ತು, ಅಕ್ಕನ ಕಾಯಿಲೆಗೆ ಹೆದರಿ ಹೇಳಲಿಲ್ಲ, ಅವಳದು ತಪ್ಪಿಲ್ಲ ಎಂದು. ಮಿಸ್ಟರ್ ಹೆಜಕಾಯ ಓದಿ, 'ನಿಜ ಬರೆದಿದೀಯ. ಆದ್ರೆ ಇದ್ರಿಂದ ನೀನು ಗೆಲ್ಲಲ್ಲ ಕಣೋ,' ಅಂದರು. ಈ ಸಲ ಅಧಿಕಾರಿಯ ಕೈಗೇ ಕೊಟ್ಟು ಸಹಿ ತೆಗೆದುಕೊಂಡೆ.

ನಿನ್ನ ಎಡಗೈ ಹೇಗಿದೆ? ಇದ್ದದ್ದು ಇದ್ದ ಹಾಗೆ ಬರೆ.

ಓಜೆಲ್


ಪ್ರೇರಿ ಬ್ಲಾಂಶ್
ಜೂನ್ 12, 2013

ಓಜೆಲ್,

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಎಡಗೈಯಲ್ಲಿ ಬಟ್ಟಲು ನಿಲ್ಲುವುದಿಲ್ಲ. ಸಣ್ಣದೊಂದು ಪಾರ್ಶ್ವವಾಯು ಆಗಿ ಹೋಗಿದೆ ಎಂದರು ಡಾಕ್ಟರು. ಶಾಲೆಯ ಕೆಲಸ ಬಿಟ್ಟೆ. ಮದರ್ ಯೂಲಾಲಿಗೆ ನಾನೇ ಎಲ್ಲ ಹೇಳಿದೆ, ಬೇರೆಯವರಿಂದ ಕೇಳುವುದು ಬೇಡ ಎಂದು. 'ದೇವರಿಗೆ ಇನ್ನೊಂದು ದಿನ ಕೇಳಿದ್ದು ದೇವರಲ್ಲ, ನಾನು,' ಅಂದರು. ಆಮೇಲೆ ಮೊದಲ ಬೆಂಚಿನಲ್ಲಿ ಅವರು ಕೂತಿದ್ದನ್ನು ನಾನು ನೋಡಿಲ್ಲ.

ನೀನು ಆ ಸುಳ್ಳನ್ನು ಚೂರು ಮಾಡಿದ್ದಕ್ಕೆ ಬೈಯಬೇಕೋ ಹೊಗಳಬೇಕೋ ನನಗೆ ತಿಳಿಯುತ್ತಿಲ್ಲ. ಓದಿದವಳೇ ನೆಲದ ಮೇಲೆ ಕೂತು ಅತ್ತೆ.

ವರ್ಲೀನ್


ಡೆವೆರೋ ಜೈಲು
ಸೆಪ್ಟೆಂಬರ್ 13, 2013

ಅಕ್ಕಾ,

ಎಲ್ಲವನ್ನೂ ಒಂದೇ ಸಲ ಹೇಳಿಬಿಡುತ್ತೇನೆ. ಒಂಬತ್ತನೇ ತಾರೀಖಿನ ಆದೇಶ ಬಂದಿದೆ. ಅರ್ಜಿ ವಜಾ. ಅಕ್ಕನ ಆರೋಗ್ಯದ ಮೇಲಿನ ಕಾಳಜಿ ಅರ್ಥವಾಗುತ್ತದೆ, ಆದರೆ ತಾರೀಖನ್ನು ಬಚ್ಚಿಟ್ಟಿದ್ದು ಕೈದಿಯ ಸ್ವಂತ ನಿರ್ಧಾರ ಎಂದು ಬರೆದಿದ್ದಾರೆ. ಹದಿನೈದು ವರ್ಷದ ಪತ್ರದ ಬಗ್ಗೆ ಇಡೀ ಆದೇಶದಲ್ಲಿ ಒಂದು ಸಾಲೂ ಇಲ್ಲ. ಅದನ್ನು ಅವರು ಓದಿಯೇ ಇಲ್ಲ.

ಇನ್ನೊಂದು ಮೆಟ್ಟಿಲಿದೆ. ಮೇಲಿನ ಕೋರ್ಟಿಗೆ ಹೋಗಲು ಮೊದಲು ಅನುಮತಿ ಬೇಡಬೇಕು. ಮೂವತ್ತು ದಿನ ಸಮಯ. ಕೊನೆಯ ದಿನ ಅಕ್ಟೋಬರ್ 9, ಬುಧವಾರ. ನಾನೂ ಮಿಸ್ಟರ್ ಹೆಜಕಾಯರೂ ಬೇರೆಬೇರೆಯಾಗಿ ಎಣಿಸಿ ಮೂರು ಸಲ ತಾಳೆ ನೋಡಿದೆವು. ಅಷ್ಟು ದಿನ ಕಾಯಲಿಲ್ಲ, ಇವತ್ತೇ ಅಧಿಕಾರಿಯ ಕೈಗೆ ಕೊಟ್ಟು ಸಹಿ ತೆಗೆದುಕೊಂಡಿದ್ದೇನೆ. ಇಂಥ ಅನುಮತಿ ಎಷ್ಟು ಜನಕ್ಕೆ ಸಿಗುತ್ತದೆ ಎಂದು ಅವರನ್ನು ಕೇಳಿದೆ. 'ನಲವತ್ತೆರಡು ವರ್ಷದಲ್ಲಿ ನಾನು ನೋಡಿದ್ದು ಮೂರು,' ಅಂದರು. ಅದೂ ಸಿಗದಿದ್ದರೆ ಮುಗಿಯಿತು. ನಾನು ಇಲ್ಲೇ ಮುದುಕನಾಗಿ ಇಲ್ಲೇ ಸಾಯುತ್ತೇನೆ.

ನನಗೆ ಭಯವಾಗುತ್ತಿದೆ ಅಕ್ಕಾ. ಹೊಲದಲ್ಲಿ ಗುದ್ದಲಿ ಹಿಡಿದಾಗಲೂ, ಊಟದ ಸಾಲಿನಲ್ಲಿ ನಿಂತಾಗಲೂ ಅದೇ ಭಯ. ಹನ್ನೊಂದು ವರ್ಷದಲ್ಲಿ ಇದನ್ನು ನಾನು ನಿನಗೆ ಒಂದು ಸಲವೂ ಬರೆದಿರಲಿಲ್ಲ.

ಓಜೆಲ್


ಪ್ರೇರಿ ಬ್ಲಾಂಶ್
ಸೆಪ್ಟೆಂಬರ್ 21, 2013

ಓಜೆಲ್,

ನಿನ್ನ ಕಾಗದ ಬಂತು. ಕ್ಲೋವಿಸ್ 'ನಾನೇ ಮೊದ್ಲು ಓದಿ, ಹೇಳೋದಿದ್ರೆ ಹೇಳ್ತೀನಿ' ಅಂದ. ಕೊಡಲಿಲ್ಲ. ಬಲಗೈಯಲ್ಲೇ ಹೇಗೋ ಬಿಚ್ಚಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೇ ಓದಿದೆ. ಎದೆ ಡವಡವ ಹೊಡೆದುಕೊಂಡಿತು. ಕೂತೆ, ನೀರು ಕುಡಿದೆ, ಮತ್ತೆ ಓದಿದೆ.

ನೋಡು, ಸಾಯಲಿಲ್ಲ.

ನನಗೂ ಭಯವಾಗುತ್ತಿದೆ. ನಿನ್ನನ್ನು ಅಲ್ಲೇ ಹೂಳುತ್ತಾರೆ ಎಂದು ಭಯ. ಅದಕ್ಕೂ ಮೊದಲು ನಾನು ಹೋಗುತ್ತೇನೆ, ಆಮೇಲೆ ನಿನಗೆ ಕಾಗದ ಬರೆಯುವವರು ಯಾರೂ ಇರುವುದಿಲ್ಲ ಎಂದು ಅದಕ್ಕಿಂತ ಹೆಚ್ಚು ಭಯ. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ.

ಮೇಲಿನ ಕೋರ್ಟಿನಿಂದ ಏನೇ ಬರಲಿ, ಬಂದ ದಿನವೇ ನನಗೆ ಬರೆ. ಒಂದೇ ಪದ ಬಂದರೂ ಆ ಒಂದು ಪದವನ್ನೇ ಬರೆ.

ನಿನ್ನ ಅಕ್ಕ
ವರ್ಲೀನ್